ಇವನಿಗೆ ಅವನು ಏನಾಗಬೇಕು?

ಅಮ್ಮ ಸ್ಕಾಟ್ಲೆಂಡಿನ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ಒಂದು ಶನಿವಾರ ಡಂಡೀಯಲ್ಲಿ ಬಸ್ಸು ಹತ್ತಿ, ಟೇ ಸೇತುವೆ ದಾಟಿ, ಸೇಂಟ್ ಆಂಡ್ರೂಸ್‌ಗೆ ಹೋದೆವು. ಜೂನ್ ತಿಂಗಳು ಅನ್ನೋದು ಕ್ಯಾಲೆಂಡರಿಗೆ ಮಾತ್ರ ಗೊತ್ತಿತ್ತು. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಜಾಕೆಟ್ಟು ಹೊದ್ದುಕೊಂಡು ಅಮ್ಮ ಸೇಂಟ್ ಸಾಲ್ವೇಟರ್ಸ್ ಕಾಲೇಜಿನ ಚಾಪೆಲ್ಲಿನ ಒಳಗೆ ಬಂದಳು. ಅಲ್ಲಿ ಉತ್ತರದ ಗೋಡೆಗೆ ಒತ್ತಿ ಬಿಷಪ್ ಜೇಮ್ಸ್ ಕೆನಡಿಯ ಸಮಾಧಿ ಇದೆ. ಕಲ್ಲಿನಲ್ಲಿ ಕೆತ್ತಿದ ದೊಡ್ಡ ಮಂಟಪ, ಅದರ ತುಂಬ ಪುಟ್ಟ ಪುಟ್ಟ ಗೂಡು, ಗೂಡುಗಳಲ್ಲಿ ಮೂರ್ತಿಗಳಿಲ್ಲ. ನಾನು ಗೈಡಿನ ಗತ್ತಿನಲ್ಲಿ ಪಿಸುಗುಡುತ್ತಿದ್ದೆ: ಈ ಕಾಲೇಜು ಕಟ್ಟಿಸಿದ್ದು ಇವನೇ, 1450ರಲ್ಲಿ. ಸತ್ತದ್ದು 1465ರಲ್ಲಿ. ಆಮೇಲೆ ಇವನ ಜಾಗಕ್ಕೆ ಬಂದವನು ಪ್ಯಾಟ್ರಿಕ್ ಗ್ರಹಾಂ, ಇವನ ನೆಫ್ಯೂ. ಅಷ್ಟು ಹೊತ್ತು ಹೂಂಗುಟ್ಟುತ್ತಿದ್ದ ಅಮ್ಮ ಅಲ್ಲಿ ನಿಲ್ಲಿಸಿದಳು. "ನೆಫ್ಯೂ ಅಂದ್ರೆ? ಅಕ್ಕನ ಮಗನೋ, ಅಣ್ಣನ ಮಗನೋ? ಸರಿಯಾಗಿ ಹೇಳು, ಇವ್ನಿಗೆ ಅವ್ನು ಏನಾಗ್ಬೇಕು?"

ನನ್ನ ಬಾಯಿ ಕಟ್ಟಿತು. ಆ ಊರಿನ ಬಗ್ಗೆ ನಾಲ್ಕು ವರ್ಷದಿಂದ ಸಿಕ್ಕಿದ್ದೆಲ್ಲ ಓದಿದ್ದೇನೆ, ಆದರೆ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಅದು ಮೊದಲ ಪ್ರಶ್ನೆ. ತಿಪಟೂರು ಕಡೆ ಯಾವ ಮದುವೆ ಛತ್ರದಲ್ಲಿ ಕೂರಿಸಿದರೂ, ಪಕ್ಕದ ಕುರ್ಚಿಯ ಅಪರಿಚಿತೆ ಹತ್ತು ನಿಮಿಷದಲ್ಲಿ ನಮಗೆ ಯಾವ ದಾರಿಯಲ್ಲೋ ಅತ್ತಿಗೆಯೋ ನಾದಿನಿಯೋ ಆಗಿಬಿಡುತ್ತಾಳೆ. ಅಂಥವಳಿಗೆ 'ನೆಫ್ಯೂ' ಅಂದರೆ ಅರ್ಧ ಹೇಳಿ ಬಿಟ್ಟ ಮಾತು. ಅಣ್ಣನ ಮಗ ಆದರೆ ಮಗನೇ, ಮನೆಯ ಪಾಲುಗಾರ. ಅಕ್ಕನ ಮಗ ಆದರೆ ಅಳಿಯ, ಬೇರೆ ಮನೆಯ ಕುಡಿ, ಅವನ ಮೇಲಿನ ಅಕ್ಕರೆಯೇ ಬೇರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ನಿದ್ದೆ ಮಾಡಿದಳು. ನನಗೆ ಮಾತ್ರ ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಲೇ ಇತ್ತು.

ಒಬ್ಬಳು ತಾಯಿ, ನಾಲ್ಕು ಮನೆ

ಹುಡುಕುತ್ತಾ ಹೋದರೆ ಗ್ರಹಾಂ ವಿಷಯದಲ್ಲಿ ಪುಸ್ತಕಗಳೇ ಜಗಳಕ್ಕೆ ನಿಂತಿವೆ. ಕೆಲವು ಅವನನ್ನು ಕೆನಡಿಯ ನೆಫ್ಯೂ ಅನ್ನುತ್ತವೆ, ಕೆಲವು ತಾಯಿ ಒಬ್ಬಳೇ, ತಂದೆ ಬೇರೆ, ಹಾಗಾಗಿ ತಮ್ಮ ಅನ್ನುತ್ತವೆ. ಆದರೆ ಎರಡೂ ದಾರಿ ಹೋಗಿ ಸೇರುವುದು ಒಂದೇ ಹೆಂಗಸಿನ ಹತ್ತಿರ. ಅವಳು ಮೇರಿ ಸ್ಟೂವರ್ಟ್. ತಲೆ ಕಡಿಸಿಕೊಂಡ ರಾಣಿ ಮೇರಿ ಅಲ್ಲ, ಅವಳಿಗಿಂತ ಒಂದೂವರೆ ಶತಮಾನ ಹಿಂದಿನವಳು, ದೊರೆ ಮೂರನೇ ರಾಬರ್ಟನ ಮಗಳು. ಇವಳನ್ನು ಮೊದಲು ಕೊಟ್ಟದ್ದು 1397ರಲ್ಲಿ ಆಂಗಸ್ ಸೀಮೆಯ ಅರ್ಲ್, ಅಂದರೆ ಒಡೆಯ, ಜಾರ್ಜ್ ಡಗ್ಲಾಸ್‌ಗೆ. ಅವನು 1402ರಲ್ಲಿ ಹೋಮಿಲ್ಡನ್ ಗುಡ್ಡದ ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿ, ಸೆರೆಯಲ್ಲೇ ಪ್ಲೇಗಿಗೆ ಸತ್ತ. ಎರಡನೆಯ ಸಲ ಡನ್ಯೂರ್‌ನ ಜೇಮ್ಸ್ ಕೆನಡಿ. ನಮ್ಮ ಬಿಷಪ್ಪನಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದಾರೆ. ಅವನೂ ಹೋದ ಮೇಲೆ 1413ರಲ್ಲಿ ಕಿನ್‌ಕಾರ್ಡಿನ್‌ನ ವಿಲಿಯಂ ಗ್ರಹಾಂ. ನಾಲ್ಕನೆಯವನು ಡನ್‌ಟ್ರೀತ್‌ನ ವಿಲಿಯಂ ಎಡ್ಮನ್‌ಸ್ಟನ್. ಸೀಮೆಯೊಂದರ ಅರ್ಲ್‌ಗಿರಿ ಒಬ್ಬ ಮಗನಿಗೆ, ಕೆನಡಿ ಮನೆತನದ ಯಜಮಾನಿಕೆ ಇನ್ನೊಬ್ಬನಿಗೆ, ಸೇಂಟ್ ಆಂಡ್ರೂಸ್‌ನ ಬಿಷಪ್ ಪಟ್ಟ ಮತ್ತೊಬ್ಬನಿಗೆ. ಮಕ್ಕಳ ಮನೆಹೆಸರು ಬೇರೆ ಬೇರೆ, ಆದ್ದರಿಂದ ವಂಶವೃಕ್ಷದ ಪುಟಗಳಲ್ಲಿ ಅವರು ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ಹಾಗೆ ಕೂತಿರುತ್ತಾರೆ. ಡಗ್ಲಾಸರ ಪುಟದಲ್ಲಿ ಡಗ್ಲಾಸರು, ಗ್ರಹಾಂಗಳ ಪುಟದಲ್ಲಿ ಗ್ರಹಾಂಗಳು. ತಾಯಿ ಮಾತ್ರ ಎಲ್ಲ ಪುಟದಲ್ಲೂ ಒಂದೊಂದು ಸಾಲಿನಲ್ಲಿ ಬಂದು ಹೋಗುತ್ತಾಳೆ.

ಅಮ್ಮನ ಲೆಕ್ಕದಲ್ಲಿ ನೋಡಿದರೆ ಇನ್ನೂ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಮೇರಿಯ ತಮ್ಮನೇ ದೊರೆ ಮೊದಲನೇ ಜೇಮ್ಸ್. ಅಂದರೆ ಬಿಷಪ್ ಕೆನಡಿಗೆ ದೊರೆ ಸೋದರಮಾವ. ಈ ಮಾವ ಹದಿನೆಂಟು ವರ್ಷ ಇಂಗ್ಲೆಂಡಿನಲ್ಲಿ ಸೆರೆಯಿದ್ದು 1424ರಲ್ಲಿ ವಾಪಸ್ ಬಂದವನು, ಮರುವರ್ಷವೇ ತನ್ನ ಚಿಕ್ಕಪ್ಪನ ಮಗ, ಆಲ್ಬನಿಯ ಡ್ಯೂಕ್ ಮುರ್ಡೋಕನನ್ನು, ಜೊತೆಗೆ ಅವನ ಇಬ್ಬರು ಗಂಡುಮಕ್ಕಳನ್ನು ಸ್ಟರ್ಲಿಂಗ್‌ನಲ್ಲಿ ತಲೆ ಕಡಿಸಿದ. ಇಂಗ್ಲಿಷ್ ಪುಸ್ತಕದಲ್ಲಿ ಮುರ್ಡೋಕ್ ಬರೀ 'ಕಸಿನ್', ಕೆನಡಿ ಬರೀ 'ನೆಫ್ಯೂ'. ಒಬ್ಬ ಸಂಬಂಧಿಕನನ್ನು ಕೊಂದ, ಇನ್ನೊಬ್ಬ ಸಂಬಂಧಿಕನನ್ನು ಸಾಕಿದ, ರಾಜರ ಮರ್ಜಿ ಅಂತ ಓದಿ ಮುಂದೆ ಹೋಗಿದ್ದೆ. ಕನ್ನಡದಲ್ಲಿ ಹೇಳಿಕೊಂಡ ಕೂಡಲೇ ಮರ್ಜಿ ಏನೂ ಉಳಿಯಲಿಲ್ಲ. ಕೊಂದದ್ದು ದಾಯಾದಿಯನ್ನು, ಬೆಳೆಸಿದ್ದು ಅಕ್ಕನ ಮಗನನ್ನು. ದಾಯಾದಿ ಸಿಂಹಾಸನದಲ್ಲಿ ಪಾಲು ಕೇಳಬಹುದು. ಅಕ್ಕನ ಮಗ, ಅದರಲ್ಲೂ ಪಾದ್ರಿಯಾದವನು, ಏನು ಕೇಳಿಯಾನು? ಅವನಿಗೆ ಹೆಂಡತಿಯಿಲ್ಲ, ಕಾನೂನಿನ ಪ್ರಕಾರ ಮಕ್ಕಳಿಲ್ಲ, ಅವನು ಏರಬಹುದಾದ ಎತ್ತರ ಎಲ್ಲವೂ ಮಾವನ ಕೈಯಲ್ಲಿದೆ. ಮಾವ ಕೊಲೆಯಾದ 1437ರಲ್ಲೇ ಕೆನಡಿ ಡನ್ಕೆಲ್ಡ್‌ಗೆ ಬಿಷಪ್ ಆದ, ಮೂರು ವರ್ಷಕ್ಕೆ ಸೇಂಟ್ ಆಂಡ್ರೂಸ್‌ಗೆ ಬಂದ. ಆಮೇಲೆ ಮಾವನ ಮಗನಿಗೂ ಮೊಮ್ಮಗನಿಗೂ ರಾಜ್ಯ ನಡೆಸಲು ಹೆಗಲು ಕೊಟ್ಟ.

ಪ್ಯಾಟ್ರಿಕ್ ಗ್ರಹಾಂನ ಕತೆ ಇಷ್ಟು ಚೆನ್ನಾಗಿಲ್ಲ. ರೋಮ್‌ಗೆ ಹೋಗಿ 1472ರಲ್ಲಿ ಸ್ಕಾಟ್ಲೆಂಡಿಗೆ ಮೊದಲ ಆರ್ಚ್‌ಬಿಷಪ್ ಪಟ್ಟ ತಂದುಕೊಂಡ. ಊರಿನಲ್ಲಿ ಅದು ಯಾರಿಗೂ ಬೇಡವಾಗಿತ್ತು. ಉಳಿದ ಬಿಷಪ್‌ಗಳಿಗೆ ತಮ್ಮ ತಲೆಯ ಮೇಲೆ ಇನ್ನೊಬ್ಬ ಬಂದ ಸಿಟ್ಟು, ದೊರೆಗೆ ತನ್ನನ್ನು ಕೇಳಲಿಲ್ಲ ಅನ್ನೋ ಸಿಟ್ಟು. ಕೊನೆಗೆ ಬುದ್ಧಿ ಕೆಟ್ಟಿದೆ ಅಂತ ಹೇಳಿ 1478ರಲ್ಲಿ ಪಟ್ಟದಿಂದ ಇಳಿಸಿ, ಲಾಕ್ ಲೆವೆನ್ ಕೆರೆಯ ನಡುವಿನ ಕೋಟೆಯಲ್ಲಿ ಇಟ್ಟರು. ಅಲ್ಲೇ ಸತ್ತ. ಅವನ ಜಾಗಕ್ಕೆ ಬಂದ ವಿಲಿಯಂ ಶೀವ್ಸ್ ಯಾವ ದೊಡ್ಡ ಮನೆಯವನೂ ಅಲ್ಲ, ದೊರೆಯ ವೈದ್ಯ. ರಾಜರಕ್ತ ಏಣಿಯಾಗುತ್ತದೆ ಸರಿ, ಹತ್ತಿದ ಮೇಲೆ ಹಿಡಿದುಕೊಂಡಿರುತ್ತದೆ ಅನ್ನೋ ಭರವಸೆ ಆಗಲೂ ಇರಲಿಲ್ಲ.

(ಒಂದು ಪಕ್ಕದ ಮಾತು. ಆ ಚಾಪೆಲ್ಲಿನ ಗೋಪುರದಲ್ಲಿ ಕ್ಯಾಥರೀನ್ ಅನ್ನೋ ಗಂಟೆಯಿದೆ. ಬಿಷಪ್ ಕೆನಡಿಯ ಸೋದರನ ಮಗಳು ಕೇಟ್ ಕೆನಡಿಯ ಹೆಸರು ಅದು ಅಂತ ಊರಿನ ಕತೆ. ಅವಳ ಹೆಸರಿನಲ್ಲಿ ಪ್ರತಿ ವಸಂತದಲ್ಲಿ ವಿದ್ಯಾರ್ಥಿಗಳು ವೇಷ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ. ಕೇಟ್‌ಳ ವೇಷ ಹಾಕುವವನು ಮೊದಲ ವರ್ಷದ ಹುಡುಗ. ಕತೆಯ ಹುಡುಗಿಗೆ ಗಾಡಿ, ಕುದುರೆ, ಮೆರವಣಿಗೆ. ನಿಜವಾಗಿ ನಾಲ್ಕು ಮನೆ ಬೆಳಗಿದ ಮೇರಿಯ ಹೆಸರು ನನಗೆ ಸಿಕ್ಕಿದ್ದು ಪುಸ್ತಕದ ಅಡಿಟಿಪ್ಪಣಿಯಲ್ಲಿ.)

ಮದುವೆಯಿಲ್ಲದವರ ಮನೆತನ

ಮದುವೆಯಾಗಬಾರದ ಪಾದ್ರಿಯ ಪೀಠಕ್ಕೆ ದೊಡ್ಡ ಮನೆತನಗಳು ಯಾಕೆ ಅಷ್ಟು ಹಾತೊರೆಯುತ್ತಿದ್ದವು ಅಂತ ಕೇಳಿದರೆ, ಉತ್ತರ ಜಮೀನಿನಲ್ಲಿದೆ. ಬಿಷಪ್ ಅಂದರೆ ಹಳ್ಳಿಗಳು, ದಶಾಂಶದ ಧಾನ್ಯ, ಕೋಟೆ, ಕೋರ್ಟು, ಸಂಸತ್ತಿನಲ್ಲಿ ಆಸನ. ಆ ಜಮೀನು ಅವನ ಸ್ವಂತದ್ದಲ್ಲ, ಮಗನಿಗೆ ಬರೆದುಕೊಡಲು ಆಗುವುದಿಲ್ಲ. ಆದರೆ ಗುತ್ತಿಗೆ ಯಾರಿಗೆ, ಪಾರುಪತ್ಯ ಯಾರಿಗೆ, ಕೆಳಗಿನ ಚರ್ಚುಗಳ ಆದಾಯ ಯಾರಿಗೆ ಅನ್ನೋದು ಅವನ ಕೈಯಲ್ಲಿತ್ತು. ದೊಡ್ಡ ಮಗನಿಗೆ ಸೀಮೆ ಹೋದ ಮೇಲೆ ಉಳಿದ ಗಂಡುಮಕ್ಕಳಲ್ಲಿ ಒಬ್ಬನನ್ನು ಓದಿಸಿ ಚರ್ಚಿಗೆ ಬಿಟ್ಟರೆ, ಆ ಮನೆಗೆ ಎರಡನೆಯ ಹೊಲ ಬಂದ ಹಾಗೆ. ಪೀಠ ಕೊಡುವವನು ರೋಮ್‌ನಲ್ಲಿರುವ ಪೋಪ್, ಆದರೆ 1487ರಲ್ಲಿ ಎಂಟನೇ ಇನೊಸೆಂಟ್ ಒಂದು ಸವಲತ್ತು ಕೊಟ್ಟ: ಪೀಠ ಖಾಲಿಯಾದರೆ ಎಂಟು ತಿಂಗಳು ಕಾಯುತ್ತೇನೆ, ಅಷ್ಟರಲ್ಲಿ ದೊರೆ ತನ್ನವನ ಹೆಸರು ಹೇಳಲಿ.

ದೊರೆ ಹೇಳಿದ್ದು ಯಾರ ಹೆಸರು? ನಾಲ್ಕನೇ ಜೇಮ್ಸ್ 1497ರಲ್ಲಿ ಸೇಂಟ್ ಆಂಡ್ರೂಸ್ ಪೀಠಕ್ಕೆ ತನ್ನ ತಮ್ಮನನ್ನೇ ಕೂರಿಸಿದ. ತಮ್ಮ 1504ರಲ್ಲಿ ಸತ್ತಾಗ ತನ್ನ ಮಗನನ್ನು, ಮರಿಯನ್ ಬಾಯ್ಡ್ ಅನ್ನೋ ಪ್ರೇಯಸಿಯಲ್ಲಿ ಹುಟ್ಟಿದ ಅಲೆಕ್ಸಾಂಡರನನ್ನು. ಹುಡುಗನಿಗೆ ಹನ್ನೊಂದು ವರ್ಷ. ಚಿಕ್ಕಪ್ಪನ ಪೀಠ ಅಣ್ಣನ ಮಗನಿಗೆ, ಆದಾಯ ಅರಮನೆಗೆ. ನಗು ಬರುತ್ತದೆ, ಆದರೆ ಆ ಹುಡುಗನ ಮೇಲೆ ನನಗೆ ಪ್ರೀತಿಯೂ ಇದೆ. ಇಟಲಿಯಲ್ಲಿ ಅವನಿಗೆ ಪಾಠ ಹೇಳಿದ, ಆ ಕಾಲದ ದೊಡ್ಡ ಪಂಡಿತ ಎರಾಸ್ಮಸ್ ಅವನನ್ನು ನೆನೆದು ಬರೆದಿದ್ದಾನೆ: ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಮಾತ್ರ ಅವನಿಗೆ ಅಕ್ಷರ ಕಾಣುತ್ತಿತ್ತಂತೆ. ಅಂಥ ಕಣ್ಣಿನ ಹುಡುಗ ಇಪ್ಪತ್ತನೇ ವಯಸ್ಸಿನಲ್ಲಿ, 1513ರ ಸೆಪ್ಟೆಂಬರ್ 9ರಂದು, ಅಪ್ಪನ ಜೊತೆ ಇಂಗ್ಲಿಷರ ಮೇಲಿನ ಫ್ಲಾಡನ್ ಯುದ್ಧಕ್ಕೆ ಹೋದ. ಇಬ್ಬರೂ ವಾಪಸ್ ಬರಲಿಲ್ಲ.

ಮನೆತನದ ವ್ಯವಹಾರವನ್ನು ಒಂದು ಕಲೆಯ ಮಟ್ಟಕ್ಕೆ ತಂದವರು ಬೀಟನ್‌ಗಳು. ಫೈಫ್ ಸೀಮೆಯ ಬಾಲ್ಫರ್ ಅನ್ನೋ ಊರಿನವರು, ಅರ್ಲ್‌ಗಳ ಮುಂದೆ ಸಣ್ಣ ಕುಳ. ಆ ಮನೆಯ ಕಿರಿಯ ಮಗ ಜೇಮ್ಸ್ ಮೊದಲು ಗ್ಲಾಸ್ಗೋಗೆ, ಆಮೇಲೆ ಸೇಂಟ್ ಆಂಡ್ರೂಸ್‌ಗೆ ಆರ್ಚ್‌ಬಿಷಪ್ ಆದ. ಅವನ ಅಣ್ಣನ ಮಗ ಡೇವಿಡ್ ಚಿಕ್ಕಪ್ಪನಿಗೆ ಸಹಾಯಕನಾಗಿ ನೇಮಕವಾಗಿ, ಪೋಪ್‌ಗೆ ಮಾತ್ರ ಕೆಳಗಿನ ಕಾರ್ಡಿನಲ್ ಪದವಿಗೆ ಏರಿ, 1539ರಲ್ಲಿ ಅದೇ ಪೀಠದಲ್ಲಿ ಕೂತ. ಡೇವಿಡ್‌ನ ಸೋದರನ ಮಗ, ಇನ್ನೊಬ್ಬ ಜೇಮ್ಸ್, ಗ್ಲಾಸ್ಗೋದ ಆರ್ಚ್‌ಬಿಷಪ್. ಮೂರು ತಲೆಮಾರು, ಎಲ್ಲವೂ ಅಪ್ಪನ ಕಡೆಯ ಸಾಲು. ಕಾರ್ಡಿನಲ್‌ಗೆ ಸ್ವಂತ ಮಕ್ಕಳೂ ಇದ್ದರು, ಮರಿಯನ್ ಓಗಿಲ್ವಿಯಲ್ಲಿ ಎಂಟು. ಅವರಲ್ಲಿ ಮಾರ್ಗರೆಟ್‌ಳನ್ನು ಕ್ರಾಫರ್ಡ್ ಅರ್ಲ್‌ಗಿರಿಗೆ ಬಾಧ್ಯನಾದ ಹುಡುಗನಿಗೆ ಧಾಮ್‌ಧೂಮ್ ಮದುವೆ ಮಾಡಿಕೊಟ್ಟು ಕೆಲವೇ ವಾರ ಆಗಿತ್ತು, 1546ರ ಮೇ 29ರ ಬೆಳಿಗ್ಗೆ ಅವನ ಕೋಟೆಗೆ ನುಗ್ಗಿದವರು ಅವನನ್ನು ಕೊಂದು ಹೆಣವನ್ನು ಗೋಡೆಯಿಂದ ನೇತುಹಾಕಿದರು. ಇಂಥ ಮನೆಗಳಿಗಾಗಿಯೇ ಲ್ಯಾಟಿನ್ ಒಂದು ಪದ ಇಟ್ಟುಕೊಂಡಿತ್ತು: ನೆಪೋಸ್. ಅಣ್ಣನ ಮಗನೂ ನೆಪೋಸ್, ಅಕ್ಕನ ಮಗನೂ ನೆಪೋಸ್, ಮೊಮ್ಮಗನೂ ನೆಪೋಸ್. ಪೋಪ್‌ಗಳ ಅರಮನೆಯಲ್ಲಿ ಸ್ವಂತ ಮಗನಿಗೂ ಆ ಪದದ ಹೊದಿಕೆ ಹಾಕಿದ್ದುಂಟು. 'ನೆಪೋಟಿಸಂ' ಹುಟ್ಟಿದ್ದು ಅಲ್ಲಿಂದ. ಅಮ್ಮನಂಥವರು ವ್ಯಾಟಿಕನ್‌ನಲ್ಲಿ ನಾಲ್ಕು ಜನ ಇದ್ದಿದ್ದರೆ ಆ ಹೊದಿಕೆ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಎಲ್ಲರೂ ಹೀಗೇ ಅಂತ ಅಂದುಕೊಳ್ಳಬೇಡಿ. ಅಬರ್ಡೀನ್‌ನ ವಿಲಿಯಂ ಎಲ್ಫಿನ್‌ಸ್ಟನ್ ಗ್ಲಾಸ್ಗೋದ ಪಾದ್ರಿಯೊಬ್ಬನ ಮಗ, ಹುಟ್ಟಿನ 'ದೋಷ' ಕಳೆಯಲು ಪೋಪ್‌ನಿಂದ ಅನುಮತಿ ತರಬೇಕಾಯಿತು. 1495ರಲ್ಲಿ ಅಬರ್ಡೀನ್‌ಗೆ ವಿಶ್ವವಿದ್ಯಾಲಯ ತಂದವನು ಅವನೇ. ನನ್ನ ಮಟ್ಟಿಗೆ ಆ ಕಾಲದ ಬಿಷಪ್‌ಗಳಲ್ಲಿ ಅವನೇ ದೊಡ್ಡವನು.

ಎದೆಯ ಸದ್ದು

ಆದರೆ ನನಗೆ ಮತ್ತೆ ಮತ್ತೆ ಓದಬೇಕೆನಿಸುವುದು ಎಡಿನ್‌ಬರದ ಒಂದು ಬೆಳಿಗ್ಗೆ. 1520ರ ಏಪ್ರಿಲ್ 30. ಅದಕ್ಕೆ ಮುಂಚೆ ಗ್ಯಾವಿನ್ ಡಗ್ಲಾಸ್ ಯಾರು ಅಂತ ಹೇಳಬೇಕು. ವರ್ಜಿಲ್‌ನ ಈನಿಡ್ ಕಾವ್ಯವನ್ನು ಸ್ಕಾಟ್ಸ್ ಭಾಷೆಗೆ ತಂದ ಕವಿ, ಫ್ಲಾಡನ್‌ಗೆ ಎರಡು ತಿಂಗಳು ಮುಂಚೆ ಅದನ್ನು ಮುಗಿಸಿದ್ದ. ಐದನೇ ಆಂಗಸ್ ಅರ್ಲ್‌ನ ಮೂರನೇ ಮಗ. ಆ ಸಾಲನ್ನು ಹಿಂದಕ್ಕೆ ಎಣಿಸಿದರೆ ಇವನು ನಮ್ಮ ಮೇರಿಯ ಮರಿಮಗನ ಮಗ, ಮೊದಲನೆಯ ಮದುವೆಯ ಕಡೆಯಿಂದ! ಅಣ್ಣ ಫ್ಲಾಡನ್‌ನಲ್ಲಿ ಸತ್ತಿದ್ದರಿಂದ ಅಣ್ಣನ ಮಗ ಆರನೇ ಅರ್ಲ್ ಆಗಿದ್ದ. ಆ ಹುಡುಗ 1514ರಲ್ಲಿ ಮದುವೆಯಾದದ್ದು ಯಾರನ್ನು? ಫ್ಲಾಡನ್‌ನಲ್ಲಿ ಸತ್ತ ದೊರೆಯ ವಿಧವೆ, ಮಾರ್ಗರೆಟ್ ಟ್ಯೂಡರ್‌ಳನ್ನು. ಹಾಗಾಗಿ ರಾಣಿ ಈ ಕವಿ-ಪಾದ್ರಿಗೆ ಸೊಸೆ. ಅವಳ ತಮ್ಮ, ಇಂಗ್ಲೆಂಡಿನ ಎಂಟನೇ ಹೆನ್ರಿ, ಬೀಗರ ಕಡೆಯವ. ಸೊಸೆಯೂ ಬೀಗರೂ ಪೋಪ್‌ಗೆ ಕಾಗದ ಬರೆದು ಇವನಿಗೆ ಡನ್ಕೆಲ್ಡ್ ಪೀಠ ಕೊಡಿಸಿದರು. ಅದೇ ಕಾರಣಕ್ಕೆ ರಾಜಪ್ರತಿನಿಧಿ ಇವನನ್ನು ಜೈಲಿಗೆ ಹಾಕಿದ. ಬಿಡುಗಡೆಯಾಗಿ, ಗ್ಲಾಸ್ಗೋದಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಬೀಟನ್ ಕೈಯಿಂದ ದೀಕ್ಷೆ ಪಡೆದು, ಡನ್ಕೆಲ್ಡ್‌ಗೆ ಹೋದರೆ, ಎದುರಾಳಿ ಆಂಡ್ರೂ ಸ್ಟೂವರ್ಟ್‌ನ ಜನ ಚರ್ಚಿನ ಗೋಪುರ ಹಿಡಿದುಕೊಂಡು ಇವನ ಮೇಲೆ ಗುಂಡು ಹಾರಿಸಿದರು. ಎದುರಾಳಿ ಅಥಾಲ್ ಅರ್ಲ್‌ನ ಒಡಹುಟ್ಟಿದವನು, ಇದನ್ನು ಹೇಳಬೇಕಾಗಿಯೇ ಇಲ್ಲ.

ಆ ಏಪ್ರಿಲ್‌ನಲ್ಲಿ ಎಡಿನ್‌ಬರದಲ್ಲಿ ಎರಡು ಪಾಳೆಯ. ಒಂದು ಡಗ್ಲಾಸರದು, ಇನ್ನೊಂದು ಅರಾನ್ ಅರ್ಲ್‌ನ ಹ್ಯಾಮಿಲ್ಟನ್‌ಗಳದು. ಹ್ಯಾಮಿಲ್ಟನ್‌ಗಳು ಆಂಗಸ್ ಅರ್ಲ್‌ನನ್ನು ಹಿಡಿಯಲು ಹೊಂಚು ಹಾಕಿದ್ದಾರೆ ಅನ್ನೋದು ಗೊತ್ತಾಗಿ, ಗ್ಯಾವಿನ್ ರಾಜಿ ಮಾಡಿಸಲು ಬೀಟನ್ ಹತ್ತಿರ ಹೋದ. ಬೀಟನ್ ಹತ್ತಿರವೇ ಯಾಕೆ? ಅರಾನ್‌ನ ಹೆಂಡತಿ ಜ್ಯಾನೆಟ್, ಬೀಟನ್‌ನ ಅಣ್ಣನ ಮಗಳು. ಅರಾನ್ ಅವನಿಗೆ ಅಳಿಯ! ಹಾಗಾಗಿ ಆ ಬೆಳಿಗ್ಗೆ ಎದುರುಬದುರು ನಿಂತದ್ದು ಇಬ್ಬರು ಧರ್ಮಗುರುಗಳಲ್ಲ, ಇಬ್ಬರು ಮನೆ ಹಿರಿಯರು. ಒಬ್ಬ ಚಿಕ್ಕಪ್ಪ, ಒಬ್ಬ ಮಾವ. ನಿಮ್ಮ ಅಳಿಯನಿಗೆ ಬುದ್ಧಿ ಹೇಳಿ ಅಂತ ಚಿಕ್ಕಪ್ಪ ಕೇಳಲು ಬಂದಿದ್ದಾನೆ. ಬೀಟನ್ ತನಗೇನೂ ಗೊತ್ತಿಲ್ಲ ಅಂದ. ನನ್ನ ಆತ್ಮಸಾಕ್ಷಿಯಾಗಿ ಗೊತ್ತಿಲ್ಲ ಅಂತ ಎದೆ ಬಡಿದುಕೊಂಡ. ಬಿಳಿ ನಿಲುವಂಗಿಯ ಕೆಳಗೆ ಉಕ್ಕಿನ ಕವಚ ತೊಟ್ಟಿದ್ದ, ಅದು ಖಣಖಣ ಅಂದಿತು. ಗ್ಯಾವಿನ್ ಅಂದನಂತೆ: ಸ್ವಾಮಿ, ನಿಮ್ಮ ಆತ್ಮಸಾಕ್ಷಿ ನೆಟ್ಟಗಿಲ್ಲ, ಸದ್ದು ಮಾಡುತ್ತಿದೆ. ಸ್ಕಾಟ್ಸ್‌ನಲ್ಲಿ ಈ ಸದ್ದಿಗಿರುವ 'ಕ್ಲ್ಯಾಟರ್' ಪದಕ್ಕೆ ಚಾಡಿ ಹೇಳುವುದು ಅನ್ನೋ ಅರ್ಥವೂ ಇದೆ. ಐವತ್ತು ವರ್ಷದ ಮೇಲೆ ಇದನ್ನು ಬರೆದಿಟ್ಟ ಪಿಟ್ಸ್‌ಕಾಟಿಯ ರಾಬರ್ಟ್ ಲಿಂಡ್ಸೆ ಕತೆಗೆ ಒಗ್ಗರಣೆ ಹಾಕುವವನೇ. ಹಾಕಿದ್ದರೆ ಹಾಕಲಿ, ಕವಿಯೊಬ್ಬನ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬರುವುದು ಕಷ್ಟ.

ರಾಜಿಯಾಗಲಿಲ್ಲ. ಹೈ ಸ್ಟ್ರೀಟಿನಲ್ಲಿ ಹೊಡೆದಾಟ ಶುರುವಾಯಿತು. ಮನೆಗಳ ಕಿಟಕಿಯಿಂದ ಜನ ಡಗ್ಲಾಸರಿಗೆ ಈಟಿ ಇಳಿಸಿಕೊಟ್ಟರು. ಅರಾನ್ ಕಲ್ಲಿದ್ದಲು ಹೊರುವ ಕುದುರೆ ಹತ್ತಿ, ಊರ ಪಕ್ಕದ ಕೆರೆಯಲ್ಲಿ ಇಳಿದು ಪಾರಾದ. ಬೀಟನ್ ಬ್ಲ್ಯಾಕ್‌ಫ್ರಯರ್ಸ್ ಚರ್ಚಿನ ಬಲಿಪೀಠದ ಹಿಂದೆ ಅಡಗಿದ್ದ. ಎಳೆದು ಹಾಕಿದರು, ನಿಲುವಂಗಿ ಹರಿಯಿತು. ಕತ್ತಿ ಎತ್ತಿದವರನ್ನು ತಡೆದವನು ಗ್ಯಾವಿನ್. ದೀಕ್ಷೆ ಪಡೆದ ಬಿಷಪ್ ಮೇಲೆ ಕೈಮಾಡುವುದು ಪಾಪ ಅಂದ. ತನಗೆ ದೀಕ್ಷೆ ಕೊಟ್ಟ ಕೈ ಅದು ಅನ್ನೋದು ನೆನಪಾಗಿತ್ತೋ ಏನೋ. ಎರಡು ವರ್ಷಕ್ಕೆ, 1522ರಲ್ಲಿ, ಗ್ಯಾವಿನ್ ದೇಶದ್ರೋಹಿ ಅನ್ನಿಸಿಕೊಂಡು ಲಂಡನ್‌ನಲ್ಲಿ ಪ್ಲೇಗಿಗೆ ಸತ್ತ. ಬೀಟನ್ ಅದೇ ವರ್ಷ ಸೇಂಟ್ ಆಂಡ್ರೂಸ್‌ನ ಆರ್ಚ್‌ಬಿಷಪ್ ಆದ.

ಬಾಗಿಲ ಮುಂದಿನ ಕಲ್ಲು

ಆ ಶನಿವಾರ ಚಾಪೆಲ್ಲಿನಿಂದ ಹೊರಗೆ ಬಂದಾಗ, ಬಾಗಿಲ ಮುಂದೆ ನೆಲಕ್ಕೆ ಹಾಸಿದ ಕಲ್ಲುಗಳ ನಡುವೆ 'ಪಿ ಎಚ್' ಅನ್ನೋ ಎರಡು ಅಕ್ಷರ ಅಮ್ಮನಿಗೆ ಕಂಡಿತ್ತು. ವಿದ್ಯಾರ್ಥಿಗಳು ಅದನ್ನು ಬಳಸಿಕೊಂಡು ಹೋಗುತ್ತಿದ್ದರು, ತುಳಿದರೆ ಪರೀಕ್ಷೆಯಲ್ಲಿ ಫೇಲ್ ಆಗುತ್ತಾರೆ ಅನ್ನೋ ನಂಬಿಕೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಅನ್ನೋ ಹುಡುಗನನ್ನು ಇಲ್ಲಿ ಜೀವಂತ ಸುಟ್ಟರು ಅಂತ ಹೇಳಿದೆ. 1528ರ ಫೆಬ್ರವರಿ 29, ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು, ರೋಮಿನ ಚರ್ಚಿಗೆ ಎದುರು ನಿಂತ ಜರ್ಮನಿಯ ಲೂಥರನ ಮಾತು ಆಡಿದ ಅಪರಾಧ. ಬೆಂಕಿ ಸರಿಯಾಗಿ ಹತ್ತದೆ ಮಧ್ಯಾಹ್ನದಿಂದ ಸಂಜೆಯವರೆಗೆ ಆರು ಗಂಟೆ ಹಿಡಿಯಿತು. ಅಮ್ಮ ಶಾಲನ್ನು ಎಳೆದುಕೊಂಡು ಅಕ್ಷರಗಳಿಂದ ದೂರ, ಗೋಡೆಯ ಬದಿಗೆ ನಡೆದಳು. ಅಲ್ಲಿ ಮಾತ್ರ ಅವಳು ಸಂಬಂಧ ಕೇಳಲಿಲ್ಲ.

ಅಮ್ಮ ಊರಿಗೆ ಹೋದ ಮೇಲೆ ಒಂದು ಭಾನುವಾರ ವೀಡಿಯೋ ಕಾಲಿನಲ್ಲಿ ಅವಳಿಗೆ ಇದೆಲ್ಲ ಹೇಳುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹಾಳೆಯ ಮೇಲೆ ಗೆರೆ ಎಳೆದು ಕ್ಯಾಮೆರಾಕ್ಕೆ ಹಿಡಿದೆ. ಆ ಬೀದಿ ಜಗಳದಲ್ಲಿ ಸತ್ತವರಲ್ಲಿ ಸುಟ್ಟ ಹುಡುಗನ ಅಪ್ಪನೂ ಒಬ್ಬ, ಅಮ್ಮ. ಅರಾನ್‌ಗೆ ಒಡಹುಟ್ಟಿದವನೇ, ತಾಯಿ ಬೇರೆ. ಹುಡುಗನಿಗೆ ಶಿಕ್ಷೆ ಹಾಕಿದ್ದು ಬೀಟನ್, ಎದೆ ಸದ್ದು ಮಾಡಿತಲ್ಲ, ಅವನೇ.

ಅಮ್ಮ ಕೈಯಲ್ಲಿದ್ದ ದಂಟು ಕೆಳಗಿಟ್ಟಳು. ಬೆರಳು ಮಡಚಿ ಎಣಿಸತೊಡಗಿದಳು. "ಅರಾನು ಹುಡುಗನಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ. ಅವ್ನ ಹೆಂಡ್ತಿ ಇವ್ನಿಗೆ ಅಮ್ಮನ ಸಮಾನ. ಅವ್ಳಿಗೆ ಆ ಬೀಟನ್ನು ಚಿಕ್ಕಪ್ಪ." ಕೊನೆಯ ಬೆರಳು ಮಡಚದೆ ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ತಾತ ಆಗ್ಬೇಕು ಕಣೋ ಅವ್ನಿಗೆ."